ಗುರ್ಜರ ದೇಶವೂ ನಾವೂ

ಯಾವ ನಾಡಿನ ಅನ್ನವನ್ನು ಉಂಡು, ಯಾವ ನದಿಯ ನೀರನ್ನು ಕುಡಿದು ನಾವು ಬೆಳೆಯುತ್ತೇವೆಯೋ ಆ ನಾಡಿನ ಪರಿಚಯವೇ ಇಲ್ಲದಿರುವುದು ವಿದ್ಯಾವಂತರಿಗೆ ಶೋಭಿಸುವ ಮಾತಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಗುಜರಾತಿನಲ್ಲಿಯೇ ಹುಟ್ಟಿ ಬೆಳೆದವರು. ಆದರೂ ಕಾವೇರಿಯು ಎಲ್ಲಿ ಹುಟ್ಟುತ್ತದೆಂದು ಕೇಳಿದರೆ ಥಟ್ಟನೆ ಉತ್ತರ ಕೊಡುವ ಬಾಲಕನು, ವಿಶ್ವಾಮಿತ್ರಿಯು ಎಲ್ಲಿ ಹುಟ್ಟುತ್ತದೆಂದು ಕೇಳಿದರೆ ತಲೆ ತಗ್ಗಿಸುತ್ತಾನೆ. ಅಂಗಡಿಯಲ್ಲಿ ನಿರರ್ಗಳವಾಗಿ ಗುಜರಾತಿಯಾಡುವ ಬಾಲಕಿಯು ಆ ಭಾಷೆಯ ಒಬ್ಬ ಕವಿಯ ಹೆಸರನ್ನೂ ಹೇಳಲಾರಳು. ಈ ಕೊರತೆಯನ್ನು ಕನ್ನಡ ಶಾಲೆಯೇ ಮುಂದೆ ನಿಂತು ನೀಗಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. "ನಾವು ನೌಕರಿಗಾಗಿ ಬಂದವರು, ನಾಳೆ ವರ್ಗವಾದರೆ ಹೊರಟುಹೋಗುವವರು, ಛತ್ರದ ಗೋಡೆಯ ಚಿತ್ರಗಳನ್ನು ಯಾರು ಕಂಠಪಾಠ ಮಾಡುತ್ತಾರೆ?" ಎಂಬುದು ಒಂದು. "ಇಲ್ಲಿ ಕನ್ನಡಕ್ಕೆ ದೊರೆಯುವ ಹೊತ್ತೇ ಸ್ವಲ್ಪ, ಅದನ್ನೂ ಗುಜರಾತಿಗೆ ಕೊಟ್ಟರೆ ಕನ್ನಡದ ಗತಿಯೇನು?" ಎಂಬುದು ಇನ್ನೊಂದು. ಎರಡೂ ತಳ್ಳಿಹಾಕುವ ಮಾತುಗಳಲ್ಲ. ಆದರೆ ತೀರ್ಮಾನಕ್ಕೆ ಮೊದಲು ಈ ನಾಡು ಎಂಥದು, ನಮಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ನೋಡೋಣ.

ಗುಜರಾತಿನ ವಿಸ್ತೀರ್ಣ 1,96,024 ಚದರ ಕಿಲೊಮೀಟರು, ಕರ್ನಾಟಕದ್ದು 1,91,791. ಎರಡು ನಾಡುಗಳೂ ಹೆಚ್ಚು ಕಡಿಮೆ ಸರಿಸಮ. ಆದರೆ ಕರ್ನಾಟಕದ ಕರಾವಳಿಯು ಮುನ್ನೂರು ಕಿಲೊಮೀಟರಿಗೆ ತುಸು ಹೆಚ್ಚು. ಗುಜರಾತಿನದು ಭಾರತದ ರಾಜ್ಯಗಳಲ್ಲೆಲ್ಲ ಅತಿ ಉದ್ದವಾದುದು. ಕನ್ನಡ ನಾಡಿನ ದೊಡ್ಡ ನದಿಗಳಾದ ಕೃಷ್ಣೆ, ಕಾವೇರಿಗಳು ಪೂರ್ವಕ್ಕೆ ಹರಿದರೆ, ಇಲ್ಲಿಯ ನರ್ಮದೆ, ತಾಪಿ, ಮಹೀ, ಸಾಬರಮತಿಗಳು ಖಂಭಾತ ಕೊಲ್ಲಿಯನ್ನು ಸೇರುತ್ತವೆ. ಉತ್ತರದಲ್ಲಿ ಉಪ್ಪು ಹೆಪ್ಪುಗಟ್ಟಿದ ಕಚ್ಛದ ರಣ, ದಕ್ಷಿಣದಲ್ಲಿ ಡಾಂಗದ ಕಾಡು, ನಡುವೆ ಹತ್ತಿ ಬೆಳೆಯುವ ಕರಿಯ ನೆಲ. ಆ ಕರಿಯ ನೆಲವನ್ನು ನೋಡಿದ ಧಾರವಾಡದ ಒಕ್ಕಲಿಗನಿಗೆ ತನ್ನ ಎರೆಹೊಲವು ನೆನಪಾಗದಿರದು. ವಿಶ್ವಾಮಿತ್ರಿಯಾದರೋ ಪಾವಾಗಢದ ಬೆಟ್ಟದಲ್ಲಿ ಹುಟ್ಟಿ ವಡೋದರದ ನಟ್ಟನಡುವೆ ಹರಿಯುತ್ತದೆ. ಇಷ್ಟು ದೊಡ್ಡ ನಗರದ ಮಧ್ಯದಲ್ಲಿಯೂ ಅದರಲ್ಲಿ ಮೊಸಳೆಗಳು ವಾಸಿಸುತ್ತವೆ.

ನಮ್ಮ ಕೊಯಾಲಿಯ ಕಥೆಯೂ ಭೂಗೋಲದ ಕಥೆಯೇ. 1960ರಲ್ಲಿ ಅಂಕಲೇಶ್ವರದ ನೆಲದಡಿಯಲ್ಲಿ ಎಣ್ಣೆಯು ದೊರೆಯಿತು. ಅದನ್ನು ಶುದ್ಧೀಕರಿಸಲು ಸೋವಿಯತ್ ದೇಶದ ನೆರವಿನಿಂದ ಕೊಯಾಲಿಯಲ್ಲಿ ಕಾರ್ಖಾನೆಯನ್ನು ಕಟ್ಟಲು ನಿರ್ಧರಿಸಿ, 1963ರಲ್ಲಿ ಜವಾಹರಲಾಲ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. 1965ರಲ್ಲಿ ಕೆಲಸ ಪ್ರಾರಂಭವಾಯಿತು. ನೆಲದಡಿಯ ಆ ಎಣ್ಣೆಯೇ ನಾನಾ ಪ್ರಾಂತಗಳ ಜನರನ್ನು ಇಲ್ಲಿಗೆ ಕರೆತಂದಿತು. ಹೀಗಿರಲು ಈ ನೆಲದ ವಿಚಾರವು ನಮ್ಮದಲ್ಲವೆಂದು ಹೇಳುವುದು ಹೇಗೆ?

ಇನ್ನು ಇತಿಹಾಸ. ಕನ್ನಡಿಗರು ಇಲ್ಲಿಗೆ ಬಂದದ್ದು ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಮಾತ್ರವಲ್ಲ. ದಕ್ಷಿಣ ಗುಜರಾತಿಗೆ ಹಿಂದೆ ಲಾಟ ದೇಶವೆಂದು ಹೆಸರಿತ್ತು. ಇಮ್ಮಡಿ ಪುಲಕೇಶಿಗೆ ಮಣಿದವರಲ್ಲಿ ಲಾಟರೂ ಗುರ್ಜರರೂ ಇದ್ದರೆಂದು ಕ್ರಿ. ಶ. 634ರ ಐಹೊಳೆಯ ಶಾಸನವು ಹೇಳುತ್ತದೆ. ಅದೇ ಬಾದಾಮಿಯ ಚಾಲುಕ್ಯ ಮನೆತನದ ಅವನಿಜನಾಶ್ರಯ ಪುಲಕೇಶಿಯು ನವಸಾರಿಯಲ್ಲಿದ್ದು, ಸಿಂಧಿನ ಕಡೆಯಿಂದ ನುಗ್ಗಿ ಬಂದ ಅರಬ್ಬರ ಸೈನ್ಯವನ್ನು ಹಿಮ್ಮೆಟ್ಟಿಸಿದ ವಿಷಯವು ಎಂಟನೆಯ ಶತಮಾನದ ತಾಮ್ರಪಟದಲ್ಲಿದೆ.

ಅನಂತರ ಮಾನ್ಯಖೇಟದ ರಾಷ್ಟ್ರಕೂಟರ ಒಂದು ಶಾಖೆಯು ಲಾಟವನ್ನು ಆಳಿತು. ಆ ಶಾಖೆಯ ಕರ್ಕರಾಜನು 812ರಲ್ಲಿ ಬರೆಯಿಸಿದ ತಾಮ್ರಪಟದಲ್ಲಿ 'ವಡಪದ್ರಕ' ಎಂಬ ಗ್ರಾಮವನ್ನು ದಾನ ಮಾಡಿದ ಉಲ್ಲೇಖವಿದೆ. ಆ ಗ್ರಾಮವೇ ಇಂದಿನ ವಡೋದರ! ಅಷ್ಟೇ ಅಲ್ಲ. ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನ ಮೇಲೆ ಸಾಮಂತರು ದಂಗೆಯೆದ್ದಾಗ ಅವನ ಸಿಂಹಾಸನವನ್ನು ಉಳಿಸಿಕೊಟ್ಟವನು ಈ ಕರ್ಕನೇ ಎಂದು ಇತಿಹಾಸಕಾರರು ಹೇಳುತ್ತಾರೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ವು ಹುಟ್ಟಿದುದು ಆ ನೃಪತುಂಗನ ಆಸ್ಥಾನದಲ್ಲಿ. ಕನ್ನಡ ಸಾಹಿತ್ಯದ ಉದಯಕ್ಕೆ ಲಾಟ ದೇಶದಿಂದಲೂ ಒಂದು ಕೈ ಆಸರೆಯಾಯಿತೆಂದರೆ ತಪ್ಪಾಗಲಾರದು.

ಗುಜರಾತಿನ ಜನರು ಇಂದಿಗೂ ಗೌರವದಿಂದ ನೆನೆಯುವ ರಾಣಿ ಮೀನಳದೇವಿಯು ಕದಂಬ ವಂಶದ ಜಯಕೇಶಿಯ ಮಗಳು. ಪಾಟಣದ ಸೋಲಂಕಿ ಅರಸನಾದ ಕರ್ಣನ ಮಡದಿ. ಸಿದ್ಧರಾಜ ಜಯಸಿಂಹನ ತಾಯಿ. ಧೋಳಕಾದ ಮಲಾವ ಕೆರೆಯನ್ನು ಕಟ್ಟಿಸುವಾಗ ಒಬ್ಬ ಹೆಂಗಸಿನ ಮನೆಯು ಅಡ್ಡ ಬಂದಿತಂತೆ. ಎಷ್ಟು ಹಣ ಕೊಟ್ಟರೂ ಆಕೆಯು ಬಿಡಲಿಲ್ಲ. ರಾಣಿಯು ಬಲಾತ್ಕಾರ ಮಾಡದೆ ಕೆರೆಯ ಆಕಾರವೇ ಸೊಟ್ಟಗಾದರೂ ಆಗಲೆಂದು ಮನೆಯನ್ನು ಉಳಿಸಿದಳೆಂಬುದು ಐತಿಹ್ಯ. ನ್ಯಾಯವನ್ನು ನೋಡಬೇಕಾದರೆ ಮಲಾವವನ್ನು ನೋಡಬೇಕೆಂದು ಇಲ್ಲಿಯ ಜನರ ಗಾದೆ. ದಕ್ಷಿಣದಿಂದ ಸೊಸೆಯಾಗಿ ಬಂದವಳೊಬ್ಬಳು ಇಲ್ಲಿ ನ್ಯಾಯಕ್ಕೇ ಹೆಸರಾದಳು. ಹೊರಗಿನಿಂದ ಬಂದವರು ಹೇಗೆ ಬಾಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇತ್ತೀಚಿನ ಶತಮಾನಕ್ಕೆ ಬಂದರೆ, ಸಿಂಧೂ ನಾಗರಿಕತೆಯ ಪಟ್ಟಣವಾದ ಲೋಥಲನ್ನು 1950ರ ದಶಕದಲ್ಲಿ ಉತ್ಖನನ ಮಾಡಿಸಿ ಲೋಕಕ್ಕೆ ತೋರಿಸಿದ ಎಸ್. ಆರ್. ರಾವ್ ಅವರು ಕನ್ನಡಿಗರು; ಅವರ ಪೂರ್ಣ ನಾಮವೇ ಶಿಕಾರಿಪುರ ರಂಗನಾಥ ರಾವ್. 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಾಂಡಿಗೆ ನಡೆದ ಸತ್ಯಾಗ್ರಹಿಗಳ ಮೊದಲ ತಂಡದಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವನಿದ್ದನು. 1943ರಲ್ಲಿ ಆತನು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದನು. ಆಡಳಿತದಲ್ಲಿಯೂ ನಾವು ಒಂದೇ ಸೂರಿನ ಕೆಳಗಿದ್ದವರು. 1956ರ ತನಕ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅಹಮದಾಬಾದು, ಸೂರತ್ತುಗಳೂ ಮುಂಬಯಿ ರಾಜ್ಯಕ್ಕೇ ಸೇರಿದ್ದವು. 1960ರ ಮೇ 1ರಂದು ಗುಜರಾತು ಪ್ರತ್ಯೇಕ ರಾಜ್ಯವಾಯಿತು. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಅವರೂ ಗುಜರಾತಿಯ ಕವಿ ಉಮಾಶಂಕರ ಜೋಶಿಯವರೂ ಹಂಚಿಕೊಂಡರು. ನಮ್ಮ ಪಠ್ಯದಲ್ಲಿ ಕುವೆಂಪು ಇದ್ದಾರೆ. ಅವರ ಪಕ್ಕದ ಪೀಠದಲ್ಲಿ ಕುಳಿತವರನ್ನೂ ನಾವು ಬಲ್ಲವರಾಗಬೇಕು.

ವಡೋದರದ ಮಹಾರಾಜ ಮೂರನೆಯ ಸಯಾಜಿರಾವ ಗಾಯಕವಾಡರನ್ನಂತೂ ವಿದ್ಯಾರ್ಥಿಗಳು ಮರೆಯಕೂಡದು. 1893ರಲ್ಲಿ ಅಮರೇಲಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಾರಂಭಿಸಿ 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. 1910ರಲ್ಲಿ ಅಮೆರಿಕದ ಬೋರ್ಡನ್ ಎಂಬ ತಜ್ಞರನ್ನು ಕರೆಯಿಸಿ ಊರೂರಿಗೆ ಪುಸ್ತಕಾಲಯಗಳನ್ನು ತೆರೆಯಿಸಿದರು. ಅಂಬೇಡ್ಕರರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಅವರ ವಿದ್ಯಾರ್ಥಿವೇತನದಿಂದಲೇ. ಆದರೆ ಕಥೆಯ ಉಳಿದ ಭಾಗವನ್ನೂ ಹೇಳಬೇಕು. 1917ರಲ್ಲಿ ಸಂಸ್ಥಾನದ ಸೇವೆಗೆಂದು ಬಂದ ಆ ಮಹಾವಿದ್ವಾಂಸರಿಗೆ ಜಾತಿಯ ಕಾರಣದಿಂದ ಈ ನಗರದಲ್ಲಿ ಒಂದು ಕೋಣೆಯೂ ಬಾಡಿಗೆಗೆ ದೊರೆಯಲಿಲ್ಲ. ಇಳಿದುಕೊಂಡಿದ್ದ ವಸತಿಗೃಹದಿಂದ ಹೊರಗಟ್ಟಲ್ಪಟ್ಟು, ಉದ್ಯಾನದ ಮರದ ಕೆಳಗೆ ಕುಳಿತು ಕಣ್ಣೀರು ಸುರಿಸಿ ಮುಂಬಯಿಗೆ ಹಿಂದಿರುಗಿದರು. ನಾಡನ್ನು ಅರಿಯುವುದೆಂದರೆ ಅದರ ಹೊಗಳಿಕೆಯನ್ನು ಉರುಹಚ್ಚುವುದಲ್ಲ. ಅದರ ನೋವನ್ನೂ ತಪ್ಪನ್ನೂ ಅರಿಯುವುದು. ಕನ್ನಡ ನಾಡಿನ ವಿಷಯಕ್ಕೂ ಈ ಮಾತು ಅನ್ವಯಿಸುತ್ತದೆ.

ಈಗ ಆಕ್ಷೇಪಣೆಗಳಿಗೆ ಬರೋಣ. ನಾವು ನಾಳೆ ಹೋಗುವವರೇ ಇರಬಹುದು. ಆದರೆ ಬಾಲ್ಯವು ಹಿಂದಿರುಗಿ ಬರುವುದಿಲ್ಲ. ಹತ್ತು ವರ್ಷ ಬಾಳಿದ ಊರಿನಿಂದ ಏನನ್ನೂ ಕಲಿಯದೆ ಹೋದವನು ಮುಂದಿನ ಊರಿನಲ್ಲಿಯೂ ಕಲಿಯುವನೆಂಬ ನಂಬಿಕೆಯಿಲ್ಲ. ಎರಡನೆಯ ಆಕ್ಷೇಪಣೆಗೆ ನಮ್ಮ ಉತ್ತರವಿಷ್ಟೆ: ನಾವು ಗುಜರಾತಿಗಾಗಿ ಕನ್ನಡದ ಹೊತ್ತನ್ನು ಕೇಳುತ್ತಿಲ್ಲ, ಗುಜರಾತನ್ನು ಕನ್ನಡದಲ್ಲಿಯೇ ಕಲಿಯಿರೆನ್ನುತ್ತಿದ್ದೇವೆ. ಕಣ್ಣೆದುರಿನ ನದಿ, ಬೆಟ್ಟ, ಕಾರ್ಖಾನೆಗಳನ್ನು ವರ್ಣಿಸಲಾಗದ ಭಾಷೆಯು ಮಕ್ಕಳ ಪಾಲಿಗೆ ಅಜ್ಜಿಯ ಪೆಟ್ಟಿಗೆಯಲ್ಲಿನ ರೇಷ್ಮೆ ಸೀರೆಯಾಗುತ್ತದೆ. ಹಬ್ಬಕ್ಕೊಮ್ಮೆ ಹೊರಗೆ ಬಂದು ಮತ್ತೆ ಒಳಗೆ ಸೇರುತ್ತದೆ. ನಿತ್ಯದ ಬಾಳನ್ನು ಹೇಳಬಲ್ಲ ಕನ್ನಡವೇ ಇಲ್ಲಿ ಉಳಿಯಬಲ್ಲ ಕನ್ನಡ. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಬೇಕೆ ಬೇಡವೆ ಎಂದು ತಂದೆತಾಯಿಗಳು ಯೋಚಿಸುತ್ತಿರುವ ಈ ಕಾಲದಲ್ಲಿ ಇದನ್ನು ತೋರಿಸಿಕೊಡುವ ಹೊಣೆಯು ನಮ್ಮ ಮೇಲಿದೆ.

ಆದುದರಿಂದ ವಾರಕ್ಕೊಂದು ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಡಬೇಕೆಂಬುದು ನಮ್ಮ ಸೂಚನೆ. ಮೇಲಿನ ತರಗತಿಯವರು ತಮ್ಮ ಬಡಾವಣೆಯ ನಕಾಶೆಯನ್ನು ಬರೆದು ಸ್ಥಳನಾಮಗಳ ಅರ್ಥವನ್ನು ಹಿರಿಯರಿಂದ ಕೇಳಿ ತಿಳಿಯಲಿ. ಕಾರ್ಖಾನೆಯಿಂದ ನಿವೃತ್ತರಾದ ಅಜ್ಜಂದಿರು ತಾವು ಇಲ್ಲಿಗೆ ಬಂದ ಕಾಲದ ಸಂಗತಿಗಳನ್ನು ಮಕ್ಕಳಿಗೆ ಹೇಳಲಿ. ಮಕ್ಕಳು ಅವನ್ನು ಕನ್ನಡದಲ್ಲಿ ಬರೆದಿಡಲಿ. ಗುಜರಾತಿಯ ಒಂದೊಂದು ಸಣ್ಣ ಕಥೆಯನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೇ ಕನ್ನಡಕ್ಕೆ ತರಲಿ. ಮುಂದಿನ ಸಂಚಿಕೆಯ ಪುಟಗಳು ಅಂಥ ಬರಹಗಳಿಂದ ತುಂಬಿದರೆ ನಮಗೆ ಸಂತೋಷ.

ಪ್ರಿಯ ವಿದ್ಯಾರ್ಥಿಗಳೇ, ತಾಯಿಯ ಮನೆಯನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಮೀನಳದೇವಿಯು ಮರೆತಿದ್ದಳೆಂದು ಯಾರು ಬಲ್ಲರು? ಆದರೆ ಆಕೆಯು ಸೇರಿದ ಮನೆಯ ಕೆರೆಯನ್ನು ಕಟ್ಟಿಸಿದಳು. ನೀವೂ ಇರುವಷ್ಟು ದಿನ ಈ ನಾಡನ್ನು ಚೆನ್ನಾಗಿ ಅರಿತು ಇದರ ಸತ್ಪ್ರಜೆಗಳಾಗಿ ಬಾಳಿರಿ.