‘4 ಜಿಬಿ ಕಾರ್ಡ್ ಹಾಕಿಸಿ, ಎಲ್ಲಾ ಗೇಮ್ ಓಡುತ್ತೆ’: ರಜೆಯಲ್ಲಿ ಹರಿದಾಡುವ ಗೇಮಿಂಗ್ ಪಿಸಿ ಮಾತುಗಳಲ್ಲಿ ನಿಜವೆಷ್ಟು?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಕಂಪ್ಯೂಟರ್‌ನಲ್ಲಿ ಗೇಮ್ ಆಡುವವರ ವಾಟ್ಸಾಪ್ ಗುಂಪುಗಳಿಗೆ ಬಿಡುವೇ ಇರುವುದಿಲ್ಲ. ಕ್ರಿಸ್‌ಮಸ್ ರಜೆ ಒಂದು ಕಡೆ, ಗೇಮ್ ಮಾರುವ ಸ್ಟೀಮ್ ತಾಣದ ಚಳಿಗಾಲದ ಸೇಲ್ ಇನ್ನೊಂದು ಕಡೆ. ‘ಯಾವ ಗೇಮ್ ಆಡ್ತಿದ್ದೀಯ?’ ಎಂದು ಶುರುವಾದ ಹರಟೆ ಹತ್ತು ನಿಮಿಷದಲ್ಲಿ ‘ನಿನ್ನ ಕಾರ್ಡ್ ಯಾವುದು?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸಲಹೆಗಳ ಸುರಿಮಳೆ. ರ‍್ಯಾಮ್ ಹೆಚ್ಚಿಸು, 4 ಜಿಬಿ ಕಾರ್ಡ್ ಹಾಕಿಸು, ಕಣ್ಣಿಗೆ 30 ಫ್ರೇಮ್‌ಗಿಂತ ಹೆಚ್ಚು ಕಾಣಿಸೋದೇ ಇಲ್ಲ, ಆಗಾಗ ರಿಫ್ರೆಶ್ ಒತ್ತು...

ಹರಟೆಯಾಗಿಯೇ ಉಳಿದರೆ ಇದರಿಂದ ತೊಂದರೆಯಿಲ್ಲ. ಆದರೆ ಇದೇ ಮಾತುಗಳು ಫಾರ್ವರ್ಡ್ ಆಗಿ, ಐವತ್ತು–ಅರವತ್ತು ಸಾವಿರ ರೂಪಾಯಿ ಹೊಂದಿಸಿ ಮಕ್ಕಳಿಗೆ ಕಂಪ್ಯೂಟರ್ ಕೊಡಿಸಲು ಹೊರಟ ಅಪ್ಪ-ಅಮ್ಮನ ಫೋನ್ ತಲುಪುತ್ತವೆ. ಅಂಗಡಿಯಲ್ಲಿ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಒಂದೇ ಒಂದು ಸಂಖ್ಯೆ ನೋಡಿ ಹಣ ಕೊಟ್ಟು ಬಂದಿರುತ್ತಾರೆ. ಮನೆಗೆ ತಂದ ಮೇಲೆ ಮಗ ಕೇಳಿದ ಗೇಮ್ ಓಡುವುದಿಲ್ಲ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲು ಇಷ್ಟು ತಿಳಿದಿರಲಿ

ಗೇಮ್ ಓಡುವಾಗ ಕಂಪ್ಯೂಟರ್ ಒಳಗೆ ಕೆಲಸ ಹಂಚಿಕೆಯಾಗುತ್ತದೆ. ವೈರಿ ಎಲ್ಲಿಗೆ ಓಡಿದ, ಗುಂಡು ತಾಗಿತೋ ಇಲ್ಲವೋ, ಕಾರು ಯಾವ ಕಡೆ ತಿರುಗಿತು ಎಂಬ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್. ಆ ಲೆಕ್ಕವನ್ನು ಚಿತ್ರವಾಗಿಸಿ ಪರದೆಯ ಪ್ರತಿ ಚುಕ್ಕಿಗೂ ಬಣ್ಣ ಹಾಕುವುದು ಗ್ರಾಫಿಕ್ಸ್ ಕಾರ್ಡ್. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ 20,73,600 ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಅಷ್ಟೂ ಚುಕ್ಕಿಗಳಿಗೆ ಸೆಕೆಂಡಿಗೆ 60 ಸಲ ಬಣ್ಣ ಹಾಕಬೇಕು. 4ಕೆ ಪರದೆಯಾದರೆ ಚುಕ್ಕಿಗಳ ಸಂಖ್ಯೆ ನಾಲ್ಕು ಪಟ್ಟು. ಲೆಕ್ಕಕ್ಕೂ ಚಿತ್ರಕ್ಕೂ ಬೇಕಾದ ಸಾಮಗ್ರಿಯನ್ನು ರ‍್ಯಾಮ್ ಮತ್ತು ಕಾರ್ಡ್‌ನ ಸ್ವಂತ ಮೆಮೊರಿ ಕೈಗೆಟುಕುವಂತೆ ಹಿಡಿದಿಟ್ಟಿರುತ್ತವೆ.

ಇವುಗಳಲ್ಲಿ ಯಾವುದು ನಿಧಾನವೋ ಆಟದ ವೇಗವನ್ನು ನಿರ್ಧರಿಸುವುದು ಅದೇ. ಉಳಿದವು ಎಷ್ಟೇ ಬಲಶಾಲಿಯಾಗಿದ್ದರೂ ಅದಕ್ಕಾಗಿ ಕಾಯಬೇಕು. ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರದ ಬೇರು ಇಲ್ಲಿದೆ.

1. ‘ಹೆಚ್ಚು ಜಿಬಿ ಇರುವ ಕಾರ್ಡೇ ಹೆಚ್ಚು ವೇಗದ್ದು’: ನಿಜವೇ?

ಅಲ್ಲ. ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ.

ಕಾರ್ಡ್ ಮೇಲಿನ ಜಿಬಿ ಎಂದರೆ ಅದರ ಮೆಮೊರಿಯ ಗಾತ್ರ, ಕೆಲಸ ಮಾಡುವ ವೇಗವಲ್ಲ. ಕೆರೆ ಎಷ್ಟು ದೊಡ್ಡದಿದ್ದರೇನು, ತೂಬು ಚಿಕ್ಕದಾಗಿದ್ದರೆ ಗದ್ದೆಗೆ ಹರಿಯುವ ನೀರು ಅಷ್ಟೇ.

ಒಂದು ಉದಾಹರಣೆ ನೋಡಿ. ಎನ್ವಿಡಿಯಾ ಕಂಪನಿಯ ಜಿಟಿ 730 ಎಂಬ 2014ರ ಕಾರ್ಡ್ 4 ಜಿಬಿ ಮೆಮೊರಿಯೊಂದಿಗೂ ಮಾರಾಟವಾಗಿದೆ. ಅದೇ ಕಂಪನಿಯ 2019ರ ಜಿಟಿಎಕ್ಸ್ 1650 ಕೂಡ 4 ಜಿಬಿಯದ್ದೇ. ಡಬ್ಬದ ಮೇಲಿನ ಸಂಖ್ಯೆ ಎರಡಕ್ಕೂ ಒಂದೇ. ಆದರೆ 64 ಬಿಟ್‌ನ ಡಿಡಿಆರ್3 ಮೆಮೊರಿಯ ಜಿಟಿ 730ರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಮಾಹಿತಿ ಹರಿದರೆ, ಜಿಟಿಎಕ್ಸ್ 1650ರಲ್ಲಿ ಸೆಕೆಂಡಿಗೆ 128 ಜಿಬಿ ಹರಿಯುತ್ತದೆ. ಹೆಚ್ಚುಕಮ್ಮಿ ಒಂಬತ್ತು ಪಟ್ಟು.

ಹೆಸರು ನೋಡಿ ಕೊಂಡರೂ ಸಾಲದು. 2017ರಲ್ಲಿ ಬಂದ ಜಿಟಿ 1030 ಕಾರ್ಡ್‌ನಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು. 2018ರಲ್ಲಿ ಅದೇ ಹೆಸರಿನಲ್ಲಿ, ಅದೇ 2 ಜಿಬಿಯಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡ್ ಬಂತು. ಮಾಹಿತಿ ಹರಿಯುವ ವೇಗ ಸೆಕೆಂಡಿಗೆ 48 ಜಿಬಿಯಿಂದ 17 ಜಿಬಿಯ ಆಸುಪಾಸಿಗೆ ಇಳಿಯಿತು. ಡಬ್ಬದ ಮೇಲಿನ ಸಣ್ಣ ಅಕ್ಷರ ಓದದವರಿಗೆ ಇದು ಗೊತ್ತಾಗುವುದೇ ಇಲ್ಲ.

ಹಾಗಂತ ಜಿಬಿ ಲೆಕ್ಕಕ್ಕೇ ಇಲ್ಲ ಎನ್ನುವುದೂ ತಪ್ಪು. ಇತ್ತೀಚಿನ ಭಾರೀ ಗೇಮ್‌ಗಳಿಗೆ ಅಗತ್ಯವಾದಷ್ಟು ಮೆಮೊರಿ ಕಾರ್ಡ್‌ನಲ್ಲಿ ಇಲ್ಲದಿದ್ದರೆ ಚಿತ್ರ ತಡವರಿಸುತ್ತದೆ. ಆದ್ದರಿಂದ ಮೊದಲು ಕಾರ್ಡ್‌ನ ಮಾದರಿ ನೋಡಿ, ನಂತರ ಮೆಮೊರಿಯ ಬಗೆ, ಕೊನೆಗೆ ಗಾತ್ರ.

2. ‘ಮನುಷ್ಯನ ಕಣ್ಣಿಗೆ 30 ಫ್ರೇಮ್‌ಗಿಂತ ಹೆಚ್ಚು ಕಾಣುವುದಿಲ್ಲ’: ನಿಜವೇ?

ಇದು ಸುಳ್ಳು. ಕಣ್ಣು ಕ್ಯಾಮೆರಾದ ಹಾಗೆ ಒಂದೊಂದೇ ಫೋಟೊ ತೆಗೆಯುವುದಿಲ್ಲ. ಬೆಳಕಿನ ಬದಲಾವಣೆಯನ್ನು ಅದು ನಿರಂತರವಾಗಿ ಮಿದುಳಿಗೆ ಕಳಿಸುತ್ತಿರುತ್ತದೆ.

ಈ ತಪ್ಪು ತಿಳಿವಳಿಕೆಗೆ ಸಿನಿಮಾ ಕಾರಣವಿರಬಹುದು. ಮಾತಿನ ಚಿತ್ರಗಳು ಶುರುವಾದ 1920ರ ದಶಕದ ಕೊನೆಯಲ್ಲಿ ಸೆಕೆಂಡಿಗೆ 24 ಫ್ರೇಮ್ ಎಂಬುದು ರೂಢಿಗೆ ಬಂತು. ಧ್ವನಿ ಸರಿಯಾಗಿ ಕೇಳಬೇಕು, ದುಬಾರಿ ಫಿಲ್ಮ್ ಹೆಚ್ಚು ಖರ್ಚಾಗಬಾರದು ಎಂಬ ಎರಡರ ನಡುವಿನ ಹೊಂದಾಣಿಕೆ ಅದು. ಕಣ್ಣಿನ ಮಿತಿ ಅಳೆದು ಇಟ್ಟ ಸಂಖ್ಯೆಯಲ್ಲ. ಅಷ್ಟಕ್ಕೂ ಥಿಯೇಟರ್‌ನ ಪ್ರೊಜೆಕ್ಟರ್ ಒಂದೊಂದು ಫ್ರೇಮನ್ನೂ ಎರಡು ಅಥವಾ ಮೂರು ಸಲ ಮಿನುಗಿಸುತ್ತಿತ್ತು. ಇಲ್ಲದಿದ್ದರೆ ಪರದೆ ಮಿಣಮಿಣ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಗೇಮ್‌ನಲ್ಲಿ ಇನ್ನೊಂದು ವಿಷಯವಿದೆ. ಸಿನಿಮಾ ನೋಡುವವರು ಏನನ್ನೂ ಒತ್ತುವುದಿಲ್ಲ, ಗೇಮ್ ಆಡುವವರು ಒತ್ತುತ್ತಾರೆ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಹೊಸ ಚಿತ್ರ ಬರುವುದು 33 ಮಿಲಿಸೆಕೆಂಡಿಗೊಮ್ಮೆ, 60 ಇದ್ದರೆ ಸುಮಾರು 17ಕ್ಕೊಮ್ಮೆ, 144 ಇದ್ದರೆ ಸುಮಾರು 7ಕ್ಕೊಮ್ಮೆ. ಮೌಸ್ ತಿರುಗಿಸಿದ್ದು ಪರದೆಯ ಮೇಲೆ ಎಷ್ಟು ಬೇಗ ಕಾಣುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ. 30ರಿಂದ 60ಕ್ಕೆ ಏರಿದಾಗ ಉಳಿಯುವುದು ಸುಮಾರು 17 ಮಿಲಿಸೆಕೆಂಡ್, 144ರಿಂದ 240ಕ್ಕೆ ಏರಿದರೆ ಉಳಿಯುವುದು 3 ಮಿಲಿಸೆಕೆಂಡ್ ಕೂಡ ಇಲ್ಲ. ಹಾಗಾಗಿ ಮೇಲೇರಿದಂತೆ ಖರ್ಚಿಗೆ ತಕ್ಕ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ.

144 ಹರ್ಟ್ಸ್ ಮಾನಿಟರ್ ತಂದವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಎಷ್ಟೋ ಸಲ ಅದು 60ರಲ್ಲೇ ಇರುತ್ತದೆ. ನಾವೇ ಬದಲಾಯಿಸಬೇಕು.

3. ‘ರ‍್ಯಾಮ್ ದುಪ್ಪಟ್ಟು ಮಾಡಿದರೆ ಗೇಮ್ ವೇಗವಾಗುತ್ತದೆ’: ನಿಜವೇ?

ರ‍್ಯಾಮ್ ಸಾಲದೆ ಇದ್ದರೆ ಮಾತ್ರ ನಿಜ. 8 ಜಿಬಿ ಇರುವ ಕಂಪ್ಯೂಟರ್‌ನಲ್ಲಿ ಬ್ರೌಸರ್, ಡಿಸ್ಕಾರ್ಡ್ ಜೊತೆಗೆ ದೊಡ್ಡ ಗೇಮ್ ತೆರೆದರೆ ಜಾಗ ಸಾಲದೆ ಆಟ ತಡವರಿಸುತ್ತದೆ. 16 ಜಿಬಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ 16 ಜಿಬಿಯಲ್ಲಿ 10 ಮಾತ್ರ ಬಳಕೆಯಾಗುತ್ತಿದ್ದರೆ 32 ಹಾಕಿದರೂ ಉಳಿದದ್ದು ಖಾಲಿ ಕೂತಿರುತ್ತದೆ.

ಹೆಚ್ಚು ಜನ ಗಮನಿಸದ ಸಂಗತಿ ಎಂದರೆ ರ‍್ಯಾಮ್ ಅನ್ನು ಜೋಡಿಯಾಗಿ ಹಾಕುವುದು. 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ ಮಾಹಿತಿ ಹರಿಯಲು ಎರಡು ದಾರಿ ಸಿಗುತ್ತದೆ. ಡಿಡಿಆರ್4-3200 ರ‍್ಯಾಮ್‌ನಲ್ಲಿ ಇದು ಸೆಕೆಂಡಿಗೆ 25.6 ಜಿಬಿಯಿಂದ 51.2 ಜಿಬಿಗೆ ಏರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಇದರ ಲಾಭ ದೊಡ್ಡದು. ಅವರ ಗ್ರಾಫಿಕ್ಸ್ ಬಳಸುವುದೂ ಇದೇ ರ‍್ಯಾಮ್ ಅನ್ನು.

ಇನ್ನು ಬೆಲೆಯ ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ‘ಅಂಗಡಿಯವರು ಬಚ್ಚಿಟ್ಟಿದ್ದಾರೆ’ ಎಂಬ ಫಾರ್ವರ್ಡ್‌ಗಿಂತ ನಿಜವಾದ ಕಾರಣ ದೊಡ್ಡದು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಅಪಾರ ಪ್ರಮಾಣದಲ್ಲಿ ಮೆಮೊರಿ ಕೊಳ್ಳತೊಡಗಿದಾಗ ಕಾರ್ಖಾನೆಗಳು ಹೆಚ್ಚು ಲಾಭವಿರುವ ಆ ಕಡೆ ತಿರುಗಿದವು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ಮಾರುವ ತನ್ನ ಕ್ರೂಶಿಯಲ್ ವಹಿವಾಟಿನಿಂದ ಹೊರಬರುವುದಾಗಿ ಪ್ರಕಟಿಸಿತು. ಹೊಸ ಚಿಪ್ ಕಾರ್ಖಾನೆ ಕಟ್ಟಲು ವರ್ಷಗಳೇ ಬೇಕು. ಆದ್ದರಿಂದ ‘ಇರಲಿ ಅಂತ’ ಹೆಚ್ಚುವರಿ ರ‍್ಯಾಮ್ ಹಾಕಿಸುವುದು ಈಗ ಮೊದಲಿಗಿಂತ ದುಬಾರಿ ತಪ್ಪು.

4. ‘ಆಗಾಗ ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಹಗುರವಾಗುತ್ತದೆ’: ನಿಜವೇ?

ಇಲ್ಲ. ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ರಿಫ್ರೆಶ್ ಒತ್ತಿದರೆ ಅಲ್ಲಿನ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೇ. ರ‍್ಯಾಮ್ ಖಾಲಿಯಾಗುವುದಿಲ್ಲ. ಬೇಡದ ಪ್ರೋಗ್ರಾಂಗಳನ್ನು ಮುಚ್ಚುವುದು, ಕ್ಯಾಬಿನೆಟ್ ಒಳಗಿನ ದೂಳು ತೆಗೆಸುವುದು ಇದಕ್ಕಿಂತ ಉಪಯುಕ್ತ. ದೂಳು ತುಂಬಿ ಬಿಸಿ ಹೆಚ್ಚಾದರೆ ಪ್ರೊಸೆಸರ್ ಮತ್ತು ಕಾರ್ಡ್ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸುತ್ತವೆ.

5. ‘ಹೆಚ್ಚು ವ್ಯಾಟ್‌ನ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ’: ನಿಜವೇ?

ಅಲ್ಲ. 750 ವ್ಯಾಟ್ ಎಂದು ಬರೆದಿರುವುದು ಅದು ಗರಿಷ್ಠ ಎಷ್ಟು ಕೊಡಬಲ್ಲದು ಎಂಬುದನ್ನು. ಸದಾ ಅಷ್ಟು ಎಳೆಯುತ್ತದೆ ಎಂದಲ್ಲ. ಕಂಪ್ಯೂಟರ್ ಎಷ್ಟು ಬೇಡುತ್ತದೋ ಅಷ್ಟು ಮತ್ತು ಪರಿವರ್ತನೆಯಲ್ಲಿ ಆಗುವ ನಷ್ಟ, ಇವೆರಡೇ ಮೀಟರ್‌ನಲ್ಲಿ ಓಡುವುದು.

ಲೆಕ್ಕ ಹಾಕಿ ನೋಡೋಣ. ಆಟದ ವೇಳೆ ನಿಮ್ಮ ಕಂಪ್ಯೂಟರ್ 300 ವ್ಯಾಟ್ ಬೇಡುತ್ತದೆ, ಎಸ್‌ಎಂಪಿಎಸ್ ದಕ್ಷತೆ ಶೇ 85 ಎಂದುಕೊಳ್ಳಿ. ಗೋಡೆಯ ಪ್ಲಗ್‌ನಿಂದ ಸುಮಾರು 350 ವ್ಯಾಟ್ ಹೋಗುತ್ತದೆ. ದಿನಕ್ಕೆ 4 ಗಂಟೆ ಆಡಿದರೆ 1.4 ಯೂನಿಟ್, 30 ದಿನಕ್ಕೆ 42 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 252 ರೂಪಾಯಿ. ಎಸ್‌ಎಂಪಿಎಸ್ ದಕ್ಷತೆ ಇಷ್ಟೇ ಇದ್ದರೆ, ಅದು 550 ವ್ಯಾಟ್‌ನದ್ದಾದರೂ 750 ವ್ಯಾಟ್‌ನದ್ದಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಹಣ ಉಳಿಸಲು ಹೋಗಬಾರದ ಭಾಗವೂ ಇದೇ. ರಕ್ಷಣಾ ವ್ಯವಸ್ಥೆಯಿಲ್ಲದ ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಜೊತೆಗಿರುವ ಮದರ್‌ಬೋರ್ಡ್, ಕಾರ್ಡ್‌ಗಳನ್ನೂ ಕೆಡಿಸಬಹುದು.

6. ‘ಹಳೆಯ ಕಾರ್ಡ್ ಕೊಳ್ಳಲೇಬಾರದು, ಎಲ್ಲವೂ ಮೈನಿಂಗ್ ಮಾಲು’: ನಿಜವೇ?

ಅರ್ಧ ನಿಜ. ಇಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆಗೆ ಲಕ್ಷಾಂತರ ಗ್ರಾಫಿಕ್ಸ್ ಕಾರ್ಡ್‌ಗಳು ಬಳಕೆಯಾಗಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ವಿಧಾನ ಬದಲಿಸಿದಾಗ ಆ ಕೆಲಸ ನಿಂತುಹೋಯಿತು, ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಹಗಲಿರುಳು ಓಡಿದ ಕಾರ್ಡ್‌ನಲ್ಲಿ ಮೊದಲು ಸವೆಯುವುದು ಫ್ಯಾನ್, ಒಣಗುವುದು ಒಳಗಿನ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ಇವನ್ನು ಬದಲಾಯಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ನಕಲಿ ಕಾರ್ಡ್. ಹಳೆಯ ಚಿಪ್‌ನ ಕಾರ್ಡ್‌ಗೆ ಒಳಗಿನ ತಂತ್ರಾಂಶ ತಿದ್ದಿ, ಹೊಸ ಹೆಸರು ತೋರಿಸುವಂತೆ ಮಾಡಿ ಮಾರುವವರಿದ್ದಾರೆ. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ಎನ್ವಿಡಿಯಾ ಕಾರ್ಡ್‌ಗಳನ್ನು ನಕಲಿ ಎಂದು ಗುರುತಿಸಿ ತೋರಿಸುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೇ ಕೊಳ್ಳಿ, ಪರಿಚಯದವರಿಂದಲೇ ಕೊಳ್ಳಿ, ಕಂಪ್ಯೂಟರ್‌ಗೆ ಹಾಕಿಸಿ, ಒಂದು ಗೇಮ್ ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ ಹಣ ಕೊಡಿ. ಹೊಸದಾದರೆ ಜಿಎಸ್‌ಟಿ ಬಿಲ್ ಬಿಡಬೇಡಿ. ವಾರಂಟಿ ಕೇಳಲು ಅದೇ ಆಧಾರ.

ಹಾಗಾದರೆ ಹಣ ಯಾವುದಕ್ಕೆ ಹಾಕಬೇಕು?

ಏನಾದರೂ ಕೊಳ್ಳುವ ಮೊದಲು ಮನೆಯಲ್ಲಿರುವ ಕಂಪ್ಯೂಟರ್‌ನಲ್ಲೇ ಈ ಪರೀಕ್ಷೆ ಮಾಡಿ. ಖರ್ಚಿಲ್ಲ.

• ಗೇಮ್ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಭಾಗ ನೋಡಿ.
• ಜಿಪಿಯು ಶೇ 95ಕ್ಕಿಂತ ಮೇಲಿದ್ದರೆ ಕಾರ್ಡ್ ತನ್ನ ಮಿತಿ ಮುಟ್ಟಿದೆ. ಮೊದಲು ಗೇಮ್‌ನ ಗ್ರಾಫಿಕ್ಸ್ ಸೆಟ್ಟಿಂಗ್ ತಗ್ಗಿಸಿ ನೋಡಿ. ಆಗಲೂ ಸಾಲದಿದ್ದರೆ ಕಾರ್ಡ್ ಬದಲಿಸುವುದು ಸರಿ.
• ಜಿಪಿಯು ಅರ್ಧದಷ್ಟೇ ದುಡಿಯುತ್ತಿದ್ದು, ರೆಸಲ್ಯೂಶನ್ ಇಳಿಸಿದರೂ ಫ್ರೇಮ್ ಏರದಿದ್ದರೆ ಹೆಚ್ಚಾಗಿ ಅಡ್ಡಿ ಇರುವುದು ಪ್ರೊಸೆಸರ್‌ನಲ್ಲಿ. ಆಗ ದುಬಾರಿ ಕಾರ್ಡ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ಫ್ರೇಮ್ ಮಿತಿ ಅಥವಾ ವಿ-ಸಿಂಕ್ ಆನ್ ಆಗಿದೆಯೇ ಎಂದೂ ನೋಡಿಕೊಳ್ಳಿ.
• ಮೆಮೊರಿ ಶೇ 90 ದಾಟಿದ್ದರೆ ರ‍್ಯಾಮ್ ಹೆಚ್ಚಿಸಿ.
• ಆಟ ಚೆನ್ನಾಗಿದ್ದು ತೆರೆಯಲು ಮಾತ್ರ ನಿಮಿಷಗಟ್ಟಲೆ ಹಿಡಿದರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಫ್ರೇಮ್ ಹೆಚ್ಚಾಗದಿದ್ದರೂ ಕಾಯುವುದು ತಪ್ಪುತ್ತದೆ. ಸೈಬರ್‌ಪಂಕ್ 2077ರಂಥ ಗೇಮ್‌ಗಳು 2023ರಿಂದ ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯವೆಂದೇ ಹೇಳುತ್ತಿವೆ.

ಯಾವ ಗೇಮ್ ಎಂಬುದೂ ಮುಖ್ಯ. ವ್ಯಾಲೊರಂಟ್ ಆಡುವವರಿಗೆ ಸಾಧಾರಣ ಕಾರ್ಡ್ ಸಾಕು, ಪ್ರೊಸೆಸರ್ ಚೆನ್ನಾಗಿರಬೇಕು. ಸೈಬರ್‌ಪಂಕ್ ಆಡಬೇಕೆನ್ನುವವರಿಗೆ ಕಾರ್ಡ್ ಗಟ್ಟಿ ಇರಬೇಕು. ‘ಒಳ್ಳೆಯ ಗೇಮಿಂಗ್ ಪಿಸಿ’ ಎಂದು ಅಂಗಡಿಯಲ್ಲಿ ಕೇಳುವ ಬದಲು ಗೇಮ್‌ನ ಹೆಸರು ಹೇಳಿ ಕೇಳಿ. ಗೇಮ್‌ಗೆ ಏನು ಬೇಕೆಂಬ ಪಟ್ಟಿ ಸ್ಟೀಮ್‌ನ ಆಯಾ ಗೇಮ್ ಪುಟದ ಕೆಳಗಡೆಯೇ ಇರುತ್ತದೆ. ಕೊಂಡ ಗೇಮ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡದಿದ್ದರೆ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಹಣ ವಾಪಸ್ ಕೊಡುತ್ತದೆ.

ಉಚಿತ ಗೇಮ್ ಲಿಂಕ್‌ಗಳ ಬಗ್ಗೆ ಎಚ್ಚರ

ಡಿಸೆಂಬರ್ ರಜೆಯಲ್ಲಿ ಎಪಿಕ್ ಗೇಮ್ಸ್ ಅಂಗಡಿ ಉಚಿತ ಗೇಮ್ ಕೊಡುವುದು 2019ರಿಂದ ನಡೆದುಬಂದಿದೆ. ಇದನ್ನೇ ಬಳಸಿಕೊಂಡು ನಕಲಿ ಲಿಂಕ್‌ಗಳೂ ಓಡಾಡುತ್ತವೆ. ಲಿಂಕ್ ಒತ್ತಿದರೆ ಅಸಲಿಯಂತೆಯೇ ಕಾಣುವ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಖಾತೆ ಕೈತಪ್ಪುತ್ತದೆ. ಕಾಪಾಡಿಕೊಳ್ಳುವುದು ಸುಲಭ: ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಎಪಿಕ್ ಅಥವಾ ಸ್ಟೀಮ್ ಆ್ಯಪ್ ನೀವೇ ತೆರೆದು ನೋಡಿ. ಉಚಿತ ಇದ್ದರೆ ಅಲ್ಲೇ ಕಾಣುತ್ತದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೊಂಡ ವಸ್ತುವಿನ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಯದಾಗಿ, ನಿಮ್ಮ ಗುಂಪಿನಲ್ಲಿ ಯಾರಾದರೂ ‘ಯಾವ ಕಾರ್ಡ್ ಹಾಕಿಸಲಿ?’ ಎಂದು ಕೇಳಿದರೆ ಉತ್ತರ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಗೇಮ್? ಯಾವ ಪರದೆ? ಈಗಿರುವ ಪ್ರೊಸೆಸರ್ ಯಾವುದು? ಈ ಮೂರು ತಿಳಿಯದೆ ಕೊಟ್ಟ ಸಲಹೆ ಎಷ್ಟೇ ಒಳ್ಳೆಯ ಮನಸ್ಸಿನದ್ದಾದರೂ ಬರಿಯ ಊಹೆ. ಅದನ್ನು ನಂಬಿ ಹಣ ಹಾಕುವುದು ಇನ್ನೊಬ್ಬರ ಮನೆಯವರು ಎಂಬುದು ನೆನಪಿರಲಿ.