ಸುಟ್ಟವನಿಗಾಗಿ ಹೊಯ್ಕೊಳ್ಳುವ ಊರು

ಬೆಂಕಿಯ ಹಬ್ಬಕ್ಕೆ ಒಬ್ಬ ವೈರಿ ಇರಲೇಬೇಕೇ? ಇಂಗ್ಲೆಂಡಿನ ಬೆಂಕಿಹಬ್ಬ ಹುಟ್ಟಿದ್ದೇ ವೈರಿಯ ಹೆಸರಿನಲ್ಲಿ. 1605ರ ನವೆಂಬರ್ 5ರ ಹೊತ್ತಿಗೆ ಲಂಡನ್ನಿನ ಸಂಸತ್ತಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದಿನೊಡನೆ ಕ್ಯಾಥೊಲಿಕ್ ಸಂಚುಗಾರ ಗೈ ಫಾಕ್ಸ್ ಸಿಕ್ಕಿಬಿದ್ದ. ದೊರೆ ಒಂದನೆಯ ಜೇಮ್ಸ್ ಬದುಕಿದನೆಂದು ಜನ ಬೀದಿಗಳಲ್ಲಿ ಬೆಂಕಿ ಹಾಕಿದರು. ಆ ದಿನವನ್ನು ಪ್ರತಿವರ್ಷ ಆಚರಿಸಬೇಕೆಂದು ಬಂದ ಕಾಯ್ದೆ ರದ್ದಾದದ್ದು 1859ರಲ್ಲಿ. ಆ ಬೆಂಕಿಗೆ ಪೋಪನ ಗೊಂಬೆ ಬಿತ್ತು, ಫಾಕ್ಸನ ಗೊಂಬೆಯೂ ಬಿತ್ತು. ಅಲ್ಲಿನ ಕ್ಯಾಥೊಲಿಕರಿಗೆ ತಲೆಮಾರುಗಳ ಕಾಲ ಅದು ಅವಮಾನದ ರಾತ್ರಿಯಾಗಿತ್ತು. ಇಂದು ಅದು ಬಹುಮಟ್ಟಿಗೆ ಪಟಾಕಿಯ ಹಬ್ಬ. ಹಗೆ ಆರಲು ಶತಮಾನಗಳೇ ಹಿಡಿದವು.

ನಮ್ಮ ಬಾಗಲಕೋಟೆಯ ಹೋಳಿಯೂ ಬೆಂಕಿಯ ಹಬ್ಬವೇ, ಅಲ್ಲೂ ಗದ್ದಲಕ್ಕೇನು ಕಡಿಮೆಯಿಲ್ಲ. ಹುಣ್ಣಿಮೆ ಸಮೀಪಿಸುತ್ತಲೇ ಓಣಿ ಓಣಿಗಳಲ್ಲಿ ಹಲಗೆಯ ಸದ್ದು ಏಳುತ್ತದೆ. ಶಿವನ ಉರಿಗಣ್ಣಿಗೆ ಬೆಂದ ಕಾಮನನ್ನು ಮತ್ತೆ ಸುಡಲು ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಕಾಮನ ಪಾಲಿನ ಕಳವನ್ನು ಹಿರಿಯರೂ ಕಳವೆಂದು ಎಣಿಸುವುದಿಲ್ಲ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಗಳ ಪೈಪೋಟಿ, ಸೋಗು, ಬಣ್ಣದ ಬಂಡಿ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಕಾಮನಿಗೆ ಬೆಂಕಿ ತಗುಲಿದ ಆ ಗಳಿಗೆ. ಹಚ್ಚಿದವರೇ ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅದೇ ಬೆಂಕಿಯಲ್ಲಿ ಕಡಲೆ ಹುರಿಯುತ್ತಾರೆ, ಕೆಂಡವನ್ನು ಮನೆಗೆ ಒಯ್ಯುತ್ತಾರೆ, ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ವೈರಿಯ ಬೂದಿಯನ್ನು ಯಾರೂ ಹಣೆಗಿಡುವುದಿಲ್ಲ.

ಇದೆಲ್ಲ ಬರೀ ಪುಂಡಾಟ, ಅಳುವುದೂ ಅಣಕವೇ ಎನ್ನುವವರಿದ್ದಾರೆ. ಅಣಕ ಇದೆ, ಹೊಲಸು ಮಾತೂ ಇದೆ. ಆ ಮಾತಿಗೆ ಅಂಜಿ ಹೆಣ್ಣುಮಕ್ಕಳು ಒಳಗೇ ಕೂರಬೇಕಾದರೆ ಅದು ತಪ್ಪೇ. ಆದರೂ ಕಾಮ ಹೊರಗಿನವನಲ್ಲ, ಸುಡುವವನ ಮೈಯೊಳಗೇ ಇರುವವನು. ಅವನು ಸಾಯಬೇಕು, ಸತ್ತರೆ ಸಂಸಾರ ನಡೆಯದು. ಈ ಇಕ್ಕಟ್ಟನ್ನು ನಮ್ಮವರು ಹಿಂದೆಯೇ ಬಲ್ಲರು. 13ನೆಯ ಶತಮಾನದ ಜೈನ ಕವಿ ಆಂಡಯ್ಯ ‘ಕಬ್ಬಿಗರ ಕಾವ’ದಲ್ಲಿ ಗೆಲುವು ಕೊಟ್ಟದ್ದು ಕಾಮನಿಗೆ, ಅವನ ಬಾಣಕ್ಕೆ ಶಿವನೇ ಅರ್ಧನಾರಿಯಾದ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಚಾಲುಕ್ಯರ ಶಿಲ್ಪಿಗಳು ಬಾದಾಮಿಯ ಮೊದಲ ಗುಹೆಯಲ್ಲಿ ಅರ್ಧನಾರೀಶ್ವರನನ್ನು ಕಡೆದಿಟ್ಟಿದ್ದರು.

ಹಾಗೆಂದು ನಮ್ಮ ಬೆಂಕಿ ಕಳಂಕವಿಲ್ಲದ್ದೆನ್ನಲಾರೆ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಕಾಮನ ಬೆಂಕಿ ದಲಿತರ ಕೇರಿಯಿಂದಲೇ ಬರಬೇಕೆಂಬ ರೂಢಿಯಿದೆ. ಬೆಂಕಿ ಬೇಕು, ಕೊಟ್ಟವರ ಮನೆಯ ನೀರು ಬೇಡ ಎಂದರೆ ಆ ರೂಢಿಗೆ ಬೆಲೆಯೇನು? ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು, ಅಲ್ಲಿನ ಜನ ನವನಗರಕ್ಕೆ ಹೋದರು, ಆದರೂ ಹಲಗೆ ನಿಲ್ಲಲಿಲ್ಲ. ನೀರಿಗೆ ಸೋಲದ ಹಬ್ಬ ಹಗೆಗೆ ಸೋಲಬಾರದು. ಕಾಮನ ಜಾಗದಲ್ಲಿ ಯಾವ ನಾಯಕನ, ಯಾವ ಮತದವನ ಗೊಂಬೆಯನ್ನೂ ಕೂರಿಸಬೇಡಿ. ಬೆಂಕಿ ಕೊಟ್ಟ ಕೇರಿಯವರನ್ನು ಹೋಳಿಗೆಯ ಊಟಕ್ಕೆ ಮನೆಯೊಳಗೆ ಕರೆಯಿರಿ.