ಕಂಬಳಿ ಕೊಟ್ಟೆವು, ನೆರೆಹೊರೆ ಕೊಡಲಿಲ್ಲ

ನಿರಾಶ್ರಿತರ ಸುದ್ದಿ ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ನಡೆಯುವುದು ಒಂದೇ. ಶುಕ್ರವಾರದ ನಮಾಝ್ ಮುಗಿದ ಕೂಡಲೇ ಮಸೀದಿಯ ಬಾಗಿಲಲ್ಲಿ ವಸ್ತ್ರ ಹರಡಿ ಚಂದಾ ಎತ್ತುತ್ತೇವೆ. ಅಕ್ಕಿ, ಕಂಬಳಿ, ಹಳೆಯ ಬಟ್ಟೆಯ ಮೂಟೆಗಳು ಸೇರುತ್ತವೆ. ಹಂಚುವಾಗ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಫೋಟೋದಲ್ಲಿ ಕಂಬಳಿಗೆ ಕೈಚಾಚಿದ ಹೆಂಗಸಿನ ಮುಖವನ್ನು ಮಾತ್ರ ಯಾರೂ ಸರಿಯಾಗಿ ನೋಡುವುದಿಲ್ಲ. ನೋಡಿದ್ದರೆ, ಅವಳ ನಡುಕ ಚಳಿಯದ್ದಲ್ಲ ಎಂದು ತಿಳಿಯುತ್ತಿತ್ತು.

ರೋಹಿಂಗ್ಯಾಗಳ ವಿಷಯವನ್ನೇ ತೆಗೆದುಕೊಳ್ಳೋಣ. 1982ರ ಪೌರತ್ವ ಕಾನೂನು ಅವರನ್ನು ಹುಟ್ಟಿದ ನೆಲದಲ್ಲೇ ಪರದೇಶಿಗಳನ್ನಾಗಿ ಮಾಡಿತು. 2012ರಲ್ಲಿ ಅವರ ಕೇರಿಗಳು ಉರಿದವು. 2017ರ ಆಗಸ್ಟ್ 25ರ ಬಳಿಕ ಮ್ಯಾನ್ಮಾರ್ ಸೇನೆ ರಖೈನ್ ಪ್ರಾಂತ್ಯದಲ್ಲಿ ನಡೆಸಿದ ಕಾರ್ಯಾಚರಣೆಗೆ ಹೆದರಿ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಕಣ್ಣೆದುರೇ ಮನೆ ಸುಟ್ಟವರು, ಮಕ್ಕಳನ್ನು ಕಳೆದುಕೊಂಡವರು, ಅತ್ಯಾಚಾರಕ್ಕೆ ಗುರಿಯಾದವರು ಆ ಸಾಲಿನಲ್ಲಿದ್ದರು. ಇಂಥವರು ಶಿಬಿರದ ವೈದ್ಯರ ಮುಂದೆ ಕುಳಿತು 'ನನಗೆ ಖಿನ್ನತೆಯಿದೆ' ಎನ್ನುವುದಿಲ್ಲ. ತಲೆನೋವು ಎನ್ನುತ್ತಾರೆ, ಮೈಯೆಲ್ಲ ನೋವು ಎನ್ನುತ್ತಾರೆ, ನಿದ್ದೆಯಿಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ 'ಒಶಾಂತಿ' ಎಂಬ ಪದವಿದೆ. ನಮ್ಮ ಅಶಾಂತಿಯ ಒಡಹುಟ್ಟಿದ ಪದ. ಅದು ಅರ್ಥವಾಗಲು ನಮಗೆ ದುಭಾಷಿ ಬೇಕಿಲ್ಲ.

ಆದರೆ ಅರ್ಥ ಮಾಡಿಕೊಳ್ಳಲು ನಾವು ಸಿದ್ಧರಿಲ್ಲ. 'ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಆಪ್ತಸಮಾಲೋಚನೆ ಯಾಕೆ?' ಎಂದು ಕೆಲವರು ಕೇಳುತ್ತಾರೆ. 'ಈಮಾನ್ ಗಟ್ಟಿಯಿದ್ದರೆ ಮನಸ್ಸು ಕುಸಿಯುವುದಿಲ್ಲ, ಸಬ್ರ್ ಮಾಡಲಿ' ಎಂದು ಇನ್ನು ಕೆಲವರು ಉಪದೇಶಿಸುತ್ತಾರೆ. ಎರಡನೆಯ ಮಾತು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಧರ್ಮದ ವೇಷದಲ್ಲಿ ಬರುತ್ತದೆ. ಮಗನನ್ನು ಕಳೆದುಕೊಂಡ ಪ್ರವಾದಿ ಯಅ್‌ಕೂಬರ(ಅ) ಕಣ್ಣುಗಳು ದುಃಖದಿಂದ ಬಿಳಿಚಿಹೋದವೆಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಅತ್ತು ಅತ್ತು ಕಣ್ಣು ಕಳೆದುಕೊಳ್ಳುವುದೂ ಸಬ್ರ್‌ನ ಒಳಗೇ ಇದೆ ಎಂಬುದನ್ನು ನಮ್ಮ ಉಪದೇಶಕರು ಮರೆತಿದ್ದಾರೆ.

ಇದು ಶ್ರೀಮಂತ ದೇಶಗಳ ಶೋಕಿಯೂ ಅಲ್ಲ. ಸಂಘರ್ಷ ಕಂಡ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕ, ಆಘಾತೋತ್ತರ ಒತ್ತಡದಂಥ ಕಾಯಿಲೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಇದಕ್ಕೆಲ್ಲ ಮನೋವೈದ್ಯರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಹಿಂಸೆಯಿಂದ ನಲುಗಿದ ಪಾಕಿಸ್ತಾನದ ಪೇಶಾವರದಲ್ಲಿ, ಮನೋವೈದ್ಯರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ವಾರಕ್ಕೊಂದರಂತೆ ಐದು ಭೇಟಿಗಳಲ್ಲಿ ನೊಂದವರ ಜತೆ ಕುಳಿತು ಮಾತಾಡಿಸಲಾಯಿತು. ಅವರ ಆತಂಕ, ಖಿನ್ನತೆ ಗಣನೀಯವಾಗಿ ಇಳಿಯಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು 2002ರ ಗುಜರಾತ್ ಹತ್ಯಾಕಾಂಡದ ಬಳಿಕವೂ 2004ರ ಸುನಾಮಿಯ ಬಳಿಕವೂ ಇದೇ ಹಾದಿ ಹಿಡಿದರು. ಸ್ಥಳೀಯ ಕಾರ್ಯಕರ್ತರನ್ನೇ ತರಬೇತುಗೊಳಿಸಿ ಸಂತ್ರಸ್ತರ ಬಳಿಗೆ ಕಳುಹಿಸಿದರು. ವಿದ್ಯೆ ನಮ್ಮ ಹಿತ್ತಲಲ್ಲೇ ಇದೆ.

ಇಷ್ಟು ಹೇಳಿದ ಮೇಲೆ, ಸಮಾಲೋಚನೆಯನ್ನೇ ಸರ್ವರೋಗದ ಮದ್ದೆಂದು ಮಾರುವವರ ಕಡೆಗೂ ತಿರುಗಬೇಕಾಗಿದೆ. ಆಸ್ಟ್ರೇಲಿಯಾ 1999ರಲ್ಲಿ ಕೆಲವು ನಿರಾಶ್ರಿತರಿಗೆ ಖಾಯಂ ವೀಸಾ ಬದಲು ತಾತ್ಕಾಲಿಕ ವೀಸಾ ಕೊಡುವ ಪದ್ಧತಿ ತಂದಿತು. ಅಲ್ಲಿನ ಸಂಶೋಧಕರು ಇರಾನ್, ಅಫ್ಘಾನಿಸ್ತಾನಗಳಿಂದ ಬಂದ ಪರ್ಶಿಯನ್ ಮಾತಿನ ನಿರಾಶ್ರಿತರನ್ನು ಹೋಲಿಸಿ ನೋಡಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಹಿಂದೆ ಅನುಭವಿಸಿದ ನರಕ ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ. ಆದರೆ ತಾತ್ಕಾಲಿಕ ವೀಸಾದವರ ಮನಸ್ಸು ಖಾಯಂ ವೀಸಾದವರಿಗಿಂತ ಎಷ್ಟೋ ಹೆಚ್ಚು ಜರ್ಜರಿತವಾಗಿತ್ತು. ಅಂದರೆ ಅವರನ್ನು ತಿನ್ನುತ್ತಿದ್ದುದು ನಿನ್ನೆಯ ನೆನಪಷ್ಟೇ ಅಲ್ಲ, ನಾಳೆ ವಾಪಸು ಅಟ್ಟುತ್ತಾರೆಂಬ ಭಯ ಕೂಡ. ಆ ಭಯಕ್ಕೆ ಯಾವ ಮಾತ್ರೆಯಿದೆ? ಕಾಕ್ಸ್ ಬಜಾರ್‌ನಲ್ಲಿ ಆಪ್ತಸಮಾಲೋಚಕರು ಇದ್ದರು. ಶಿಬಿರದ ಸುತ್ತ ಮುಳ್ಳುತಂತಿಯೂ ಇತ್ತು. 2021ರ ಮಾರ್ಚ್‌ನಲ್ಲಿ ಅಲ್ಲಿ ಬೆಂಕಿ ಬಿದ್ದು ಸುಮಾರು 45 ಸಾವಿರ ಜನ ಮತ್ತೊಮ್ಮೆ ಸೂರು ಕಳೆದುಕೊಂಡಾಗ ಓಡಿಹೋಗುವವರಿಗೆ ಅಡ್ಡವಾದುದು ಅದೇ ತಂತಿ. 2023ರಲ್ಲಿ ತಲಾ ತಿಂಗಳ ಪಡಿತರವನ್ನು 12 ಡಾಲರಿನಿಂದ 8ಕ್ಕೆ ಇಳಿಸಲಾಯಿತು. ಹಸಿದವನಿಗೆ, ದುಡಿಯಲು ಪರವಾನಗಿ ಇಲ್ಲದವನಿಗೆ 'ಉಸಿರನ್ನು ಆಳವಾಗಿ ಎಳೆದುಕೊಳ್ಳಿ' ಎಂದು ಕಲಿಸುವುದು ಸಾಂತ್ವನವೋ, ಅಪಹಾಸ್ಯವೋ?

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. ಆದ್ದರಿಂದ ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬಗಳು ಕಾನೂನಿನ ಕಣ್ಣಲ್ಲಿ ಬರೀ 'ಅಕ್ರಮ ವಲಸಿಗರು'. ಭದ್ರತೆಯ ಪ್ರಶ್ನೆ ಎತ್ತುವವರಿಗೆ ನಮ್ಮ ಉತ್ತರ ಸರಳ: ತಪ್ಪು ಮಾಡಿದವನನ್ನು ಹಿಡಿಯಿರಿ, ವಿಚಾರಣೆ ನಡೆಸಿ. ಏಳು ವರ್ಷದ ಮಗು ಯಾವ ತಪ್ಪು ಮಾಡಿದೆ?

ಕರ್ನಾಟಕಕ್ಕೆ ಈ ಕೆಲಸ ಗೊತ್ತಿಲ್ಲವೆಂದೇನೂ ಅಲ್ಲ. 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ, ಅನಂತರ ಮುಂಡಗೋಡಿನಲ್ಲಿ ಟಿಬೆಟಿಗರಿಗೆ ನೆಲ ಕೊಟ್ಟಿತು. ಉಳಲು ಹೊಲ, ಮಕ್ಕಳಿಗೆ ಶಾಲೆ, ಪ್ರಾರ್ಥನೆಗೆ ಮಠ, ಕೈಯಲ್ಲೊಂದು ನೋಂದಣಿ ಪತ್ರ ಸಿಕ್ಕಿತು. ಕಾಡು ಕಡಿದು, ಕಾಯಿಲೆ ಬಿದ್ದು, ಮೊದಲ ವರ್ಷಗಳನ್ನು ಅವರು ಕಷ್ಟದಲ್ಲೇ ಕಳೆದರು. ತಾಯ್ನಾಡಿನ ನೋವು ಇವತ್ತಿಗೂ ಮಾಸಿಲ್ಲ. ಆದರೂ ಒಟ್ಟಾಗಿ ಅಳಲು, ಒಟ್ಟಾಗಿ ಹಬ್ಬ ಮಾಡಲು ಅವರಿಗೊಂದು ಊರು ಇತ್ತು. ಅವರಿಗೆ ಕೊಟ್ಟದ್ದು ಹೆಚ್ಚಾಯಿತೆಂಬುದು ನಮ್ಮ ವಾದವಲ್ಲ. ಕೊಟ್ಟ ಸರ್ಕಾರಕ್ಕೂ, ಜಾಗ ಬಿಟ್ಟ ಸುತ್ತಲಿನ ಹಳ್ಳಿಗಳಿಗೂ ಅದು ಗೌರವದ ಮಾತು. ಅದೇ ಅಳತೆಗೋಲು ಬೇರೆ ಹೆಸರಿನ, ಬೇರೆ ಧರ್ಮದ ನಿರಾಶ್ರಿತನ ಮುಂದೆ ಯಾಕೆ ಗಿಡ್ಡವಾಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಸರ್ಕಾರವನ್ನು ಕೇಳಿ ಕೈತೊಳೆದುಕೊಳ್ಳುವ ಹಕ್ಕು ಮುಸ್ಲಿಮರಾದ ನಮಗಿಲ್ಲ. ನಮ್ಮ ಪಂಚಾಂಗವೇ ಹಿಜ್‌ರತ್‌ನಿಂದ, ಅಂದರೆ ನಿರಾಶ್ರಿತರ ಒಂದು ಪಯಣದಿಂದ ಆರಂಭವಾಗುತ್ತದೆ. ಮದೀನಕ್ಕೆ ಬಂದ ಮುಹಾಜಿರರಿಗೆ ಪ್ರವಾದಿ(ಸ) ಶಿಬಿರ ಕಟ್ಟಿಸಲಿಲ್ಲ. ಒಬ್ಬೊಬ್ಬ ಅನ್ಸಾರಿಯ ಜತೆ ಒಬ್ಬೊಬ್ಬ ಮುಹಾಜಿರನನ್ನು ಸಹೋದರನನ್ನಾಗಿ ಜೋಡಿಸಿದರು. ಸಅ್‌ದ್ ಬಿನ್ ರಬೀಅ್ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ ಅಬ್ದುರ್ರಹ್ಮಾನ್ ಬಿನ್ ಔಫ್ ಅದನ್ನು ತೆಗೆದುಕೊಳ್ಳದೆ ಸಂತೆಯ ದಾರಿ ಕೇಳಿದರು, ಗಿಣ್ಣು ತುಪ್ಪ ಮಾರಿ ತಮ್ಮ ಕಾಲ ಮೇಲೆ ನಿಂತರು. ಇತ್ತ ಜ್ವರದಲ್ಲಿ ಮಲಗಿದ ಬಿಲಾಲ್ ಮಕ್ಕಾದ ಹುಲ್ಲು, ನೀರು, ಬೆಟ್ಟಗಳನ್ನು ನೆನೆದು ಹಾಡುತ್ತಿದ್ದರು. ಪ್ರವಾದಿ(ಸ) ಅವರನ್ನು ಗದರಲಿಲ್ಲ. ಮದೀನವೂ ನಮಗೆ ಅಷ್ಟೇ ಪ್ರಿಯವಾಗಲಿ ಎಂದು ಪ್ರಾರ್ಥಿಸಿದರು. ತವರಿನ ಹಂಬಲವನ್ನು ಕೇಳುವ ಕಿವಿಯೂ ಸಂತೆಯ ದಾರಿ ತೋರುವ ಕೈಯೂ ಅಲ್ಲಿ ಜತೆಗಿದ್ದವು.

ನಮ್ಮಲ್ಲಿ ಏನಿದೆ? ಮದುವೆಯಿಲ್ಲದ ದಿನ ಬೀಗ ಹಾಕಿರುವ ಹಾಲುಗಳಿವೆ. ಬಿ.ಎಡ್., ಎಂ.ಎಸ್.ಡಬ್ಲ್ಯು. ಓದಿ ಮನೆಯಲ್ಲಿ ಕುಳಿತ ನೂರಾರು ಹೆಣ್ಣುಮಕ್ಕಳಿದ್ದಾರೆ. ಇವರಿಗೆ ತರಬೇತಿ ಕೊಡಿಸಿ, ಒಂದು ಕೋಣೆ ಬಿಟ್ಟುಕೊಟ್ಟು, ಶೆಡ್ಡಿನ ಹೆಂಗಸರ ಜತೆ ವಾರಕ್ಕೊಮ್ಮೆ ಕೂರಲು ಹೇಳಿದರೆ ಎಷ್ಟು ಖರ್ಚಾದೀತು? ಒಂದು ಸಮ್ಮೇಳನದ ಶಾಮಿಯಾನಕ್ಕಿಂತ ಕಡಿಮೆ. ಆದರೆ ಅದರಲ್ಲಿ ಫೋಟೋ ಇರುವುದಿಲ್ಲ, ಇರಲೂ ಬಾರದು.

ಇನ್ನು ಶಾಲೆ. ದೆಹಲಿಯ ರೋಹಿಂಗ್ಯಾ ಮಕ್ಕಳ ವಿಷಯ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಅರ್ಜಿ ಹಾಕಲಿ, ಪ್ರವೇಶ ನಿರಾಕರಿಸಿದರೆ ಹೈಕೋರ್ಟಿಗೆ ಹೋಗಲಿ ಎಂದಿತು. ಅಂದರೆ ಯಾರಾದರೂ ಮಗುವಿನ ಕೈಹಿಡಿದು ಮುಖ್ಯೋಪಾಧ್ಯಾಯರ ಕೋಣೆಯ ತನಕ ನಡೆಯಬೇಕು, ಅರ್ಜಿ ತುಂಬಿಸಬೇಕು, ಇಲ್ಲವೆಂದರೆ ವಕೀಲರನ್ನು ಹುಡುಕಬೇಕು. ಮುಂದಿನ ಸಲ ಕಂಬಳಿ ಹಂಚಲು ಹೋಗುವ ನಮ್ಮ ಯುವಕರು ಬ್ಯಾನರನ್ನು ಮಸೀದಿಯಲ್ಲೇ ಬಿಟ್ಟು, ಜೇಬಿನಲ್ಲಿ ಅಂಥ ನಾಲ್ಕು ಅರ್ಜಿ ಇಟ್ಟುಕೊಂಡು ಹೋಗಲಿ.